ಇಸ್ತ್ರಿ ಕೋಣೆಯ ಎರಡನೇ ದನಿ

ಆಸ್ಪತ್ರೆಯ ಇಸ್ತ್ರಿ ಕೋಣೆಯಲ್ಲಿ ಅವಳನ್ನು ಎಲ್ಲರೂ ಹಾಡಕ್ಕ ಎನ್ನುತ್ತಿದ್ದರು. ಚರ್ಚಿನ ಹಾಡುಗಾರರ ತಂಡವಾದ ಕ್ವಾಯರಿನಲ್ಲಿ ಅದೇ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಎಲ್ಲಿಗೆ ಹೋದರೂ ಇನ್ನೊಂದು ಕಡೆಯ ಹೆಸರು ಬೆನ್ನಿಗೆ ಅಂಟಿಕೊಂಡೇ ಬರುತ್ತಿತ್ತು. "ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿದೆ ಕಣ್ರೇ, ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತೆ" ಎಂದು ಅವಳೇ ನಗುತ್ತಿದ್ದಳು. ಇಸ್ತ್ರಿ ಕೋಣೆಯವರ ಮಾತನ್ನೇ ಹಿಡಿದು ನಾವೂ ಹಾಡಕ್ಕ ಎಂದೇ ಕರೆಯೋಣ. ಆ ಹೆಸರನ್ನು ಅವಳು ಸುಮ್ಮನೆ ಪಡೆದವಳಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಕ್ವಾಯರಿಗೆ ಸೇರಲು ಹೋದಾಗ ಹಳೇ ಮೇಷ್ಟ್ರು ಅವಳಿಂದ ಮೇಲಿನದೊಂದು ಸ್ವರ ಹಾಡಿಸಿದರು, ಕೆಳಗಿನದೊಂದು ಹಾಡಿಸಿದರು, ಮೂಗಿನ ಮೇಲೆ ಜಾರಿದ ಕನ್ನಡಕ ಸರಿಮಾಡಿಕೊಂಡು, "ನೀನು ಎರಡನೇ ದನಿ ಕಣಮ್ಮ" ಎಂದರು. ಪುಸ್ತಕದ ಮಾತಿನಲ್ಲಿ ಅದಕ್ಕೆ ಆಲ್ಟೊ ಎನ್ನುತ್ತಾರೆ. ಹೆಂಗಸರಲ್ಲಿ ತೆಳು ಗಂಟಲಿನವರದು ಒಂದನೇ ದನಿ. ಜನ ಕೇಳಿಕೊಂಡು ಮನೆಗೆ ಹೋಗಿ ಗುನುಗುವ ರಾಗವೆಲ್ಲ ಅವರ ಪಾಲಿನದು. ತುಸು ತಗ್ಗಿನ ಗಂಟಲಿನವರು ಎರಡನೇ ದನಿ. ರಾಗದ ಕೆಳಗೆ ನಿಂತು ಹೆಗಲು ಕೊಡುವ ಕೆಲಸ. ಅದರ ಕೆಳಗೆ ಗಂಡಸರದು ಮತ್ತೆರಡು. ಹುಡುಗಿಗೆ ಅಂದು ಇದೆಲ್ಲ ಎಲ್ಲಿ ತಿಳಿಯಬೇಕು? ಎರಡನೇ ದನಿ ಎಂದರೆ ಎರಡನೇ ದರ್ಜೆ ಎಂದುಕೊಂಡು ಮನೆಗೆ ಹೋಗಿ ದಿಂಬಿಗೆ ಮುಖ ಒತ್ತಿ ಅತ್ತಳು. ಆದರೂ ಮುಂದಿನ ಗುರುವಾರ ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಹಟಮಾರಿ ಎಂದರೆ ಅಂಥಿಂಥ ಹಟಮಾರಿಯಲ್ಲ.

ಹಳೇ ಮೇಷ್ಟ್ರು ಸ್ತುತಿಯ ಕೀರ್ತನೆಯೊಂದಕ್ಕೆ ತಾವೇ ನಾಲ್ಕು ದನಿಗಳ ಸಂಗೀತ ಹೊಂದಿಸಿ ಈ ಕ್ವಾಯರಿಗೆಂದೇ ಬರೆದಿದ್ದರು. ಮನುಷ್ಯರಷ್ಟೇ ಅಲ್ಲ, ಬೆಟ್ಟ ಹೊಳೆಗಳೂ ಸೇರಿ ದೇವರನ್ನು ಕೊಂಡಾಡಬೇಕು ಎನ್ನುವಂಥ ಕೀರ್ತನೆ. ಒಂದನೇ ದನಿ ಅದರಲ್ಲಿ ಹಕ್ಕಿಯ ಹಾಗೆ ಹಾರುತ್ತದೆ. ಎರಡನೇ ದನಿಗೆ ಮೊದಲ ಹನ್ನೆರಡು ಸಾಲಿನವರೆಗೂ ಬರೀ ಮೂರು ಸ್ವರ. ಹೊಸದಾಗಿ ಮದುವೆಯಾಗಿ ಬಂದ ಹಾಡಕ್ಕ ಅಡುಗೆಮನೆಯಲ್ಲಿ ಅದನ್ನು ಅಭ್ಯಾಸ ಮಾಡುವುದನ್ನು ಕೇಳಿ ಕೇಳಿ ಅತ್ತೆ ಒಂದು ದಿನ, "ಹಾಡು ಅಂದ್ರೆ ಏರಬೇಕು, ಇಳೀಬೇಕು. ನಿಂದೇನಮ್ಮ, ಬಸ್ಸಿಗೆ ಕಾಯೋರ ಹಾಗೆ ನಿಂತಲ್ಲೇ ನಿಂತಿರುತ್ತೆ?" ಎಂದಿದ್ದಳು. ಆದರೆ ಹದಿಮೂರನೇ ಸಾಲಿನಲ್ಲಿ ಎರಡನೇ ದನಿ ಒಂದೇ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಅಷ್ಟಕ್ಕೇ ನಾಲ್ಕೂ ದನಿಗಳ ಬಣ್ಣ ಬದಲಾಗಿಬಿಡುತ್ತದೆ. ಆ ಒಂದು ಮೆಟ್ಟಿಲಿಗಾಗಿ ಹಾಡಕ್ಕ ಇಪ್ಪತ್ತಾರು ವರ್ಷ ಪ್ರತಿ ಗುರುವಾರ ಚರ್ಚಿನ ಮೆಟ್ಟಿಲು ಹತ್ತಿದಳು.

ಹಳೇ ಮೇಷ್ಟ್ರು ತೀರಿಕೊಂಡರು. ಅವರ ಜಾಗಕ್ಕೆ ಬಂದ ಹೊಸ ಮೇಷ್ಟ್ರು ಶಾಲೆಯೊಂದರಲ್ಲಿ ಸಂಗೀತ ಕಲಿಸುವ ಯುವಕ. ಕೆಟ್ಟವರಲ್ಲ; ಎಲ್ಲಿ ಮರ್ಯಾದೆ ಹೋಗುತ್ತದೋ ಎಂದು ಸದಾ ಉಗುರು ಕಚ್ಚುವ ಜಾತಿ, ಅಷ್ಟೆ. ಅಷ್ಟರಲ್ಲಿ ಎರಡನೇ ದನಿಯೂ ಕರಗುತ್ತಾ ಬಂದಿತ್ತು. ನಾಲ್ವರಲ್ಲಿ ಒಬ್ಬಳ ಗಂಡನಿಗೆ ದೂರಕ್ಕೆ ವರ್ಗವಾಯಿತು. ಇನ್ನೊಬ್ಬಳ ಮಂಡಿ ಮೆಟ್ಟಿಲು ಹತ್ತಲು ಒಲ್ಲೆ ಎಂದಿತು. ಮೂರನೆಯವಳು ಪಕ್ಷಾಂತರ ಮಾಡಿ ಒಂದನೇ ದನಿಗೆ ಹಾರಿದಳು. ಹಾಡಕ್ಕ ಅವಳ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದಳು.

ಚರ್ಚು ಕಟ್ಟಿ ನೂರು ವರ್ಷ ತುಂಬುವ ಭಾನುವಾರಕ್ಕೆ ಇನ್ನು ನಾಲ್ಕು ವಾರವೂ ಇಲ್ಲ ಎನ್ನುವಾಗ, ಗುರುವಾರದ ಅಭ್ಯಾಸ ಮುಗಿದ ಮೇಲೆ, ಹೊಸ ಮೇಷ್ಟ್ರು ಅವಳನ್ನು ಪಿಯಾನೊ ಹತ್ತಿರ ಕರೆದರು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಎರಡನೇ ದನೀಲಿ ಈಗ ಇರೋದು ನೀವೊಬ್ರೇ. ಒಂದನೇ ದನೀಲಿ ಹನ್ನೊಂದು ಜನ. ಗಂಡಸ್ರು ಒಂಬತ್ತು. ನಿಮ್ಮ ದನಿ ಎದುರು ಕೂತವರಿಗೆ ಕೇಳ್ಸೋದೇ ಇಲ್ಲ. ಅದಕ್ಕೆ ಕೀರ್ತನೇನ ಮೂರೇ ದನಿಗೆ ಇಳಿಸಿ ಬರೆದಿದೀನಿ. ನೀವು ಒಂದನೇ ದನಿಗೆ ಬಂದ್ಬಿಡಿ."

"ನನ್ನ ಗಂಟಲು ಅಷ್ಟು ಮೇಲೆ ಹೋಗಲ್ಲ ಮೇಷ್ಟ್ರೇ."

"ಆಗದಿದ್ದ ಕಡೆ ಸುಮ್ನೆ ಬಾಯಾಡ್ಸಿ. ಯಾರಿಗೂ ಗೊತ್ತಾಗಲ್ಲ."

ಬಾಯಾಡಿಸಬೇಕಂತೆ! ಇಪ್ಪತ್ತಾರು ವರ್ಷ ಹಾಡಿದವಳು ಮೀನಿನ ಹಾಗೆ ಬಾಯಿ ತೆರೆದು ಮುಚ್ಚಬೇಕಂತೆ! ಹಾಡಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಆದರೂ ಹಲ್ಲು ಕಚ್ಚಿ ಒಂದೇ ಮಾತು ಕೇಳಿದಳು. "ಎಷ್ಟು ಜನ ಇದ್ರೆ ಎರಡನೇ ದನಿ ಇಟ್ಕೋತೀರಿ?"

"ಐದಾದ್ರೂ ಬೇಕು. ಎಲ್ಲಿಂದ ತರ್ತೀರಕ್ಕ? ಹೊಸಬರಿಗೆ ಪಕ್ಕದಲ್ಲಿ ರಾಗ ಕೇಳಿಸಿದ್ರೆ ಸಾಕು, ಅದರ ಹಿಂದೇನೇ ಓಡಿಬಿಡ್ತಾರೆ. ಅದನ್ನ ಬಿಡಿಸೋಕೇ ವರ್ಷ ಬೇಕು."

"ಮುಂದಿನ ಗುರುವಾರದವರೆಗೆ ಆ ಮೂರು ದನಿ ಕಾಗದ ಯಾರಿಗೂ ಹಂಚಬೇಡಿ" ಎಂದು ಹೇಳಿ ಅವಳು ಚಪ್ಪಲಿ ಮೆಟ್ಟಿಕೊಂಡಳು.

ಮನೆಗೆ ಬಂದರೆ ಗಂಡ ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿದ್ದ. ನಲ್ಲಿ ರಿಪೇರಿ ಅವನ ಕಸುಬು. ಊರಿನವರ ನಲ್ಲಿಗಳೆಲ್ಲ ಭಾನುವಾರವೇ ಕೆಡುತ್ತವೆ ಎನ್ನುವುದು ಅವನ ದೂರು. ಹಾಗಾಗಿ ಚರ್ಚಿನಲ್ಲಿ ಹೆಂಡತಿ ಹಾಡುವುದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಮನೆಯಲ್ಲಿ ಅವಳು ಒಬ್ಬಳೇ ಹಾಡಿಕೊಳ್ಳುವುದೇ ಅವನ ಪಾಲಿಗೆ ಇಡೀ ಹಾಡು. ಹಾಡಕ್ಕ ಬಾಗಿಲಲ್ಲೇ ನಿಂತು ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

"ಮೇಷ್ಟ್ರು ಅಂದಮೇಲೆ ಏನೋ ಲೆಕ್ಕಾಚಾರ ಇರುತ್ತೆ ಬಿಡೆ" ಎಂದಿತು ಸಿಂಕಿನ ಕೆಳಗಿನ ದನಿ.

"ಹೌದೌದು, ನೀವೂ ಅವರ ಕಡೆಯೇ! ಆ ಪೈಪನ್ನೇ ತಬ್ಕೊಂಡು ಮಲಗಿರಿ."

ಅವನು ಸ್ಪ್ಯಾನರ್ ತಿರುಗಿಸುತ್ತಾ, ಅದೇ ಕೀರ್ತನೆಯನ್ನು ಮೂಗಿನಲ್ಲೇ ಗುನುಗತೊಡಗಿದ. ಎರಡನೇ ದನಿ, ಒಂದು ಸ್ವರವೂ ತಪ್ಪಿರಲಿಲ್ಲ. ಹಾಡಕ್ಕನಿಗೆ ಅದು ಕೇಳಿಸಿತು, ಆದರೆ ಸಿಟ್ಟಿನ ಭರದಲ್ಲಿ ತಲೆಗೆ ಹೋಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ?

ಇನ್ನು ಇಸ್ತ್ರಿ ಕೋಣೆಯ ಕತೆ. ಆಸ್ಪತ್ರೆಯ ನೆಲಮಾಳಿಗೆ. ಗೋಡೆಯುದ್ದಕ್ಕೂ ಹಬೆಯ ಪೈಪು, ಮಧ್ಯದಲ್ಲಿ ಉರುಳೆ ಇಸ್ತ್ರಿ ಯಂತ್ರ. ಹಿಂಡಿದ ಬಟ್ಟೆಯನ್ನು ಹಾಡಕ್ಕ ಈ ಕಡೆಯಿಂದ ಉರುಳೆಗೆ ಕೊಡುತ್ತಾಳೆ. ಆ ಕಡೆಯಿಂದ ಅದು ಬಿಸಿಯಾಗಿ, ಗರಿಗರಿಯಾಗಿ ಹೊರಗೆ ಬರುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗುವ ದೊಡ್ಡ ಹೊದಿಕೆಗಳನ್ನು ಇಬ್ಬರು ಹಿಡಿದರೆ ನಡುವೆ ಜೋತು ನೆಲಕ್ಕೆ ತಾಗುತ್ತವೆ. ತಾಗಿದರೆ ಮತ್ತೆ ಒಗೆತಕ್ಕೆ ಹಾಕಬೇಕು. ಹಾಗಾಗಿ ನಾಲ್ಕು ಮೂಲೆಗೆ ನಾಲ್ವರು. ಎಲ್ಲರಿಗಿಂತ ಹಿರಿಯಳು ದೊಡ್ಡಮ್ಮ. ಅವಳಿಗೆ ಪಿಸುಗುಟ್ಟುವುದು ಎಂದರೇನೆಂದೇ ಗೊತ್ತಿಲ್ಲ. ಎದುರು ಮೂಲೆಗಳಲ್ಲಿ ಅಕ್ಕ ತಂಗಿಯರಿಬ್ಬರು. ದೊಡ್ಡವಳು ಮಾತಾಡುತ್ತಾಳೆ, ಚಿಕ್ಕವಳು ತಲೆಯಾಡಿಸುತ್ತಾಳೆ. ನಾಲ್ಕನೆಯವಳು ಹೊಲಿಗೆಯವಳು, ಮಧ್ಯಾಹ್ನದ ಮೇಲೆ ಹರಿದದ್ದಕ್ಕೆ ತೇಪೆ ಹಾಕುವುದು ಅವಳ ಕೆಲಸ.

ಈ ನಾಲ್ವರೂ ಒಂದೇ ಕ್ಷಣಕ್ಕೆ ಮಡಿಸಬೇಕು. ಒಬ್ಬಳು ಮುಂದೆ, ಒಬ್ಬಳು ಹಿಂದೆ ಆದರೆ ಎತ್ತು ಏರಿಗೆ, ಕೋಣ ನೀರಿಗೆ. ಅದಕ್ಕೇ ಹಾಡಕ್ಕ ಉರುಳೆಯ ಹಿಂದೆ ನಿಂತು ಹಾಡುತ್ತಿದ್ದಳು. ಒಂದು ಸಾಲಿಗೆ ಒಂದು ಮಡಿಕೆ, ನಾಲ್ಕು ಸಾಲಿಗೆ ಒಂದು ಹೊದಿಕೆ. ಬೇರೆ ಹಾಡುಗಳನ್ನೂ ಹಾಡಿ ನೋಡಿದ್ದಳು. ಯಾವುದೂ ಮಡಿಕೆಗೆ ಒಗ್ಗಲಿಲ್ಲ, ಸ್ತುತಿಯ ಕೀರ್ತನೆಯ ತನ್ನ ಎರಡನೇ ದನಿಯೊಂದೇ ಒಗ್ಗಿತು.

ಆ ಶುಕ್ರವಾರ ಬೆಳಿಗ್ಗೆ ಹಾಡಕ್ಕ ಬಾಯಿ ಬಿಡಲಿಲ್ಲ. ಮೊದಲ ಹೊದಿಕೆ ಸೊಟ್ಟಗಾಯಿತು. ಎರಡನೆಯದು ಹೊಲಿಗೆಯವಳ ಕೈಯಿಂದ ಜಾರಿತು. ಮೂರನೆಯದರಲ್ಲಿ ಅಕ್ಕ ತಂಗಿಯರು ಒಬ್ಬರಿಗೊಬ್ಬರು ಎದುರಾಗಿ ಹಣೆ ಹಣೆ ಡಿಕ್ಕಿ ಹೊಡೆದುಕೊಂಡರು.

"ಏನಾಯ್ತೇ ನಿಂಗೆ? ಹಾಡೇ ಮಾರಾಯ್ತಿ, ಇಲ್ಲದಿದ್ರೆ ಸಾಯಂಕಾಲದ ಹೊತ್ತಿಗೆ ಒಬ್ಬರ ತಲೇನೂ ಉಳಿಯಲ್ಲ" ಎಂದಳು ದೊಡ್ಡಮ್ಮ.

"ಮನಸ್ಸಿಲ್ಲ ದೊಡ್ಡಮ್ಮ."

"ಮನಸ್ಸಿಲ್ವಂತೆ! ಸರಿ, ನಾವೇ ಹಾಡ್ಕೋತೀವಿ ಬಿಡು."

ಹೀಗೆಂದು ದೊಡ್ಡಮ್ಮ ಮೂಲೆ ಹಿಡಿದು ಶುರುಮಾಡಿದಳು. ಎರಡನೇ ಮಡಿಕೆಗೆ ಹೊಲಿಗೆಯವಳು ಸೇರಿದಳು. ಮೂರನೆಯದಕ್ಕೆ ಅಕ್ಕ ತಂಗಿಯರು. ಒಂದು ಹೊದಿಕೆ ಮುಗಿಯಿತು, ಎರಡಾಯಿತು, ಮೂರಾಯಿತು. ಹದಿಮೂರನೇ ಸಾಲು ಬಂತು. ನಾಲ್ವರೂ ಒಂದೇ ಕೈಯಾಗಿ ಬಟ್ಟೆಯನ್ನು ತಗ್ಗಿಸಿದರು, ಒಂದೇ ಬಾಯಾಗಿ ಆ ಮೆಟ್ಟಿಲು ಇಳಿದರು. ಹಾಡಕ್ಕ ಉರುಳೆಯ ಹಿಂದೆ ಬಾಯಿ ತೆರೆದುಕೊಂಡು ನಿಂತುಬಿಟ್ಟಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎಂದು ಕೇಳಿದ್ದಳು. ಆ ಮೂರ್ಖರಲ್ಲಿ ತಾನೂ ಒಬ್ಬಳೆಂದು ಇವತ್ತು ತಿಳಿಯಿತು. ಯಂತ್ರ ನಿಲ್ಲಿಸಿ ಓಡಿಹೋಗಿ ದೊಡ್ಡಮ್ಮನನ್ನು ಅಪ್ಪಿಕೊಂಡಳು.

"ಬಿಡೇ, ಬಟ್ಟೆ ನೆಲಕ್ಕೆ ತಾಗುತ್ತೆ!" ಎಂದು ಕಿರುಚಿದಳು ದೊಡ್ಡಮ್ಮ.

ನಾಲ್ವರಲ್ಲಿ ಹೊಲಿಗೆಯವಳೊಬ್ಬಳೇ ಆ ಚರ್ಚಿನವಳು. ಉಳಿದವರು ಅದರ ಬಾಗಿಲನ್ನೂ ತುಳಿದವರಲ್ಲ. ಹಾಡಕ್ಕ ಅವತ್ತೇ ಪಾದ್ರಿಗಳ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪಾದ್ರಿಗಳು ಗಡ್ಡ ಸವರಿಕೊಂಡು, "ಕೀರ್ತನೆಯಲ್ಲಿ ಬೆಟ್ಟ ಹೊಳೆಗೇ ಹಾಡಿ ಅಂದಿದೆಯಲ್ಲಮ್ಮ. ಇವರನ್ನ ಬಾಗಿಲಲ್ಲಿ ತಡೆಯೋಕೆ ನಾನ್ಯಾರು?" ಎಂದರು.

ಗುರುವಾರ ಸಂಜೆ ಐವರೂ ಕೆಲಸ ಮುಗಿಸಿ, ಮುಖ ತೊಳೆದು, ನೇರವಾಗಿ ಚರ್ಚಿನ ಪಕ್ಕದ ಕೋಣೆಗೆ ಬಂದರು. ಒಂದನೇ ದನಿಯವರು ಪಕ್ಕಕ್ಕೆ ಸರಿದು ಕೂತರು. ಹೊಸ ಮೇಷ್ಟ್ರು ಅನುಮಾನದಿಂದಲೇ ಪಿಯಾನೊ ಮುಟ್ಟಿದರು. "ಮೊದಲು ಒಂದನೇ ದನಿ ಹಾಡಲಿ, ನೀವು ಕೇಳ್ಕೊಳ್ಳಿ" ಎಂದರು. ಹನ್ನೊಂದು ಜನ ಎದ್ದು ನಿಂತು ರಾಗವನ್ನು ಆಕಾಶಕ್ಕೆ ಹಾರಿಸಿದರು. ನಾಲ್ಕು ಸಾಲು ಆಗುವಷ್ಟರಲ್ಲಿ ದೊಡ್ಡಮ್ಮ ತನ್ನ ಲೆಕ್ಕದಲ್ಲಿ ಪಿಸುಗುಟ್ಟಿದಳು. ಕೋಣೆಯ ಆಚೆ ತುದಿಯವರೆಗೂ ಕೇಳಿಸಿತು.

"ಇದೇನೇ, ಇವರು ಹಾಡನ್ನ ಪೂರ್ತಿ ತಪ್ಪು ತಪ್ಪಾಗಿ ಹಾಡ್ತಿದಾರಲ್ಲೇ!"

"ಶ್, ದೊಡ್ಡಮ್ಮ! ಅದು ಅವರ ದನಿ" ಎಂದಳು ಹಾಡಕ್ಕ.

"ಯಾರದಾದ್ರೂ ಇರ್ಲಿ, ತಪ್ಪು ತಪ್ಪೇ. ಪಾಪ, ಯಾರು ಕಲಿಸಿದ್ರೋ."

ಕಲಿಸಿದವರು ಪಿಯಾನೊ ಮುಂದೆಯೇ ಕೂತಿದ್ದರು. ಅವರ ಕಿವಿ ಕೆಂಪಾಯಿತು. "ಈಗ ನೀವು ಹಾಡಿ" ಎಂದರು.

ಹಾಡಿದರೆ ತಾನೇ! ಕೈಯಲ್ಲಿ ಕಾಗದ ಹಿಡಿದು ಸಾಲಾಗಿ ನಿಂತದ್ದೇ ತಡ, ನಾಲ್ವರ ಬಾಯಿಗೂ ಬೀಗ ಬಿತ್ತು. ಹಾಡಕ್ಕ ಒಬ್ಬಳೇ ಹಾಡುತ್ತಿದ್ದಾಳೆ, ದೊಡ್ಡಮ್ಮ ಮೇಲೆ ನೋಡುತ್ತಿದ್ದಾಳೆ, ಚಿಕ್ಕವಳು ಸುಮ್ಮನೆ ತಲೆಯಾಡಿಸುತ್ತಿದ್ದಾಳೆ. ಎರಡನೇ ಸಲ ಎತ್ತಿಕೊಟ್ಟರೂ ಅಷ್ಟೇ. ಒಂದನೇ ದನಿಯ ಕಡೆಯಿಂದ ಯಾರೋ ಕಿಸಕ್ಕೆಂದರು. "ಪರವಾಗಿಲ್ಲ ಅಕ್ಕ, ನೀವು ಪ್ರಯತ್ನ ಪಟ್ರಿ" ಎಂದರು ಮೇಷ್ಟ್ರು. ಆ ಕರುಣೆಯ ಮಾತು ಹಾಡಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ನೋವು ಮಾಡಿತು.

ಅವಳು ಸುತ್ತ ನೋಡಿದಳು. ಪಿಯಾನೊ ಮೇಲೆ ದೂಳು ಕೂರದಂತೆ ಹೊದಿಸುವ ದೊಡ್ಡ ಬಟ್ಟೆ ಕುರ್ಚಿಯ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಕೊಡವಿ ನಾಲ್ವರ ನಡುವೆ ಹರಡಿದಳು.

"ಹಿಡ್ಕೊಳ್ರೇ ಮೂಲೆ."

ಹಿಡಿದರು. ಕಾಗದಗಳು ನೆಲಕ್ಕೆ ಬಿದ್ದವು. ಹಾಡಕ್ಕ ತಲೆ ಅಲ್ಲಾಡಿಸಿದ್ದೇ ತಡ, ಮೊದಲ ಮಡಿಕೆಯ ಜೊತೆ ಹಾಡು ಹೊರಗೆ ಬಂತು. ಎಂಥ ದನಿ! ಹತ್ತಾರು ವರ್ಷ ಯಂತ್ರದ ಸದ್ದಿನ ಮೇಲೆ ಕೇಳಿಸಬೇಕೆಂದು ಬೆಳೆದ ದನಿ. ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಮೇಷ್ಟ್ರು ಸನ್ನೆ ಮಾಡಿ ಒಂದನೇ ದನಿಯನ್ನೂ ಸೇರಿಸಿದರು; ಈಗ ಇವರು ರಾಗದ ಹಿಂದೆ ಓಡುತ್ತಾರೆ ಎಂದು ಕಾದರು. ಇವರು ಓಡುವುದೆಲ್ಲಿ? ತಪ್ಪಾಗಿ ಹಾಡುವವರ ಹಿಂದೆ ಯಾರಾದರೂ ಓಡುತ್ತಾರೆಯೇ? ನಾಲ್ವರೂ ಸೊಪ್ಪೇ ಹಾಕಲಿಲ್ಲ. ತಮ್ಮ ಮೂರು ಸ್ವರವನ್ನು ಬಟ್ಟೆಯ ಮೂಲೆಯಷ್ಟೇ ಗಟ್ಟಿಯಾಗಿ ಹಿಡಿದು ನಿಂತರು.

ನಾಲ್ಕು ಸಾಲು ಮುಗಿಯಿತು. ಅಲ್ಲಿ ಎಡವಟ್ಟಾಯಿತು. ಒಂದನೇ ದನಿ ಐದನೇ ಸಾಲಿಗೆ ಹೋಯಿತು. ಇವರು ಹೋಗಲಿಲ್ಲ. ದೊಡ್ಡಮ್ಮ ಮಡಿಸಿದ ಬಟ್ಟೆ ಹಿಡಿದು ಎರಡು ಹೆಜ್ಜೆ ನಡೆದಳು, ಕುರ್ಚಿಯ ಮೇಲೆ ಇಟ್ಟಳು, ಆಮೇಲೆ ನಾಲ್ವರೂ ಐದನೇ ಸಾಲು ಎತ್ತಿದರು. ಅಷ್ಟರಲ್ಲಿ ಎಲ್ಲ ಕಲಸುಮೇಲೋಗರ.

ಮೇಷ್ಟ್ರು ಪೆನ್ಸಿಲಿನಿಂದ ಸ್ಟ್ಯಾಂಡಿಗೆ ಟಕಟಕ ಬಡಿದು ನಿಲ್ಲಿಸಿದರು. "ಇಲ್ಲಿ ಎರಡು ಎಣಿಕೆ ಹೆಚ್ಚು ನಿಲ್ತಿದೀರಿ. ಯಾಕೆ?"

"ಇಡೋದು ಬೇಡ್ವಾ ಮತ್ತೆ?" ಎಂದಳು ದೊಡ್ಡಮ್ಮ.

ಹಾಡಕ್ಕನಿಗೆ ಥಟ್ಟನೆ ಹೊಳೆಯಿತು. ಇಸ್ತ್ರಿ ಕೋಣೆಯಲ್ಲಿ ಮಡಿಸಿದ್ದನ್ನು ಇಡುವ ಮೇಜು ಎರಡು ಹೆಜ್ಜೆ ದೂರ. ದೊಡ್ಡಮ್ಮ ಇಟ್ಟು ತಿರುಗುವವರೆಗೆ ತಾನು ಉರುಳೆಯ ಹಿಂದೆ ಸಾಲನ್ನು ಎಳೆದು ನಿಲ್ಲಿಸುತ್ತಿದ್ದಳು. ಚರ್ಚಿನಲ್ಲಿ ಸರಿಯಾಗಿಯೇ ಹಾಡುತ್ತಿದ್ದಳು. ಒಂದೇ ಬಾಯಲ್ಲಿ ಎರಡು ಹಾಡು ಸಾಕಿಕೊಂಡಿದ್ದದ್ದು ಅವಳಿಗೇ ಗೊತ್ತಿರಲಿಲ್ಲ. ತಪ್ಪು ಇವರದಲ್ಲ, ಕಲಿಸಿದವಳದು.

"ದನಿ ಚೆನ್ನಾಗಿದೆ, ಇಲ್ಲ ಅನ್ನಲ್ಲ" ಎಂದರು ಮೇಷ್ಟ್ರು, ಅವರ ಮುಖದಲ್ಲಿ ಆಸೆಯೂ ಇತ್ತು, ಹೆದರಿಕೆಯೂ ಇತ್ತು. "ಆದ್ರೆ ಈ ನಿಲ್ಲೋದು ಹೋಗದಿದ್ರೆ ಮೂರು ದನಿಗೇ ಹೋಗ್ತೀನಿ ಅಕ್ಕ. ಕೊನೇ ಗುರುವಾರದವರೆಗೆ ನೋಡೋಣ."

ಹೇಳಿದರೆ ಹೋಗುವ ಅಭ್ಯಾಸವೇ ಅದು? ಶುಕ್ರವಾರ ಹಾಡಕ್ಕ ಎಣಿಸಿ ಹೇಳಿದಳು, ಚಪ್ಪಾಳೆ ತಟ್ಟಿ ಹೇಳಿದಳು, ಕಾಲಿಗೆ ಬೀಳುವುದೊಂದು ಬಾಕಿ. ನಾಲ್ವರೂ ಹೂಂ ಎನ್ನುತ್ತಾರೆ, ನಾಲ್ಕನೇ ಸಾಲಿಗೆ ಬಂದರೆ ಕಾಲು ತಾನಾಗಿ ನಿಲ್ಲುತ್ತದೆ. ಹೀಗೇ ಒಂದು ವಾರ ಸವೆಯಿತು. ಇನ್ನೊಂದು ಗುರುವಾರವೂ ಪೆನ್ಸಿಲು ಟಕಟಕ ಎಂದಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಪಕ್ಷಾಂತರದವಳು ಕೇಳುವಂತೆಯೇ ಆಡಿದಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಹಾಡಕ್ಕ ಆ ಮಾತನ್ನು ಗಂಡನ ಮುಂದೆ ಹೇಳಿ ಕಣ್ಣೀರು ಹಾಕಿದಳು. ಅವನು ತಟ್ಟೆ ನೋಡುತ್ತಲೇ, "ನೆಲ ಡೊಂಕಿದ್ರೆ ನೆಲಾನೇ ಸರಿಮಾಡು. ನೀರು ತಿರುಗ್ತಿಲ್ಲ ಅಂತ ನಾನು ನೀರಿಗೆ ಬುದ್ಧಿ ಹೇಳ್ತೀನಾ? ಪೈಪು ಬದಲಾಯಿಸ್ತೀನಿ" ಎಂದ.

ಹಾಡಕ್ಕ ಅವನನ್ನೇ ನೋಡಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಆಡಿದ ಅತ್ಯುತ್ತಮ ಮಾತು ಅದು ಎಂದು ಅವಳಿಗೆ ಅನ್ನಿಸಿತು. ಅವನಿಗೆ ಹೇಳಲು ಮಾತ್ರ ಹೋಗಲಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾನೆ.

ಮರುದಿನ ಐವರೂ ಸೇರಿ ಆ ಕಬ್ಬಿಣದ ಮೇಜನ್ನು ಐಸಾ ಎಂದು ಎಳೆದು ದೊಡ್ಡಮ್ಮನ ಮೊಣಕೈ ಪಕ್ಕಕ್ಕೇ ತಂದು ನಿಲ್ಲಿಸಿದರು. ಮೇಲ್ವಿಚಾರಕರು ಓಡಿ ಬಂದರು. "ಯಾರನ್ನ ಕೇಳಿ ಸರಿಸಿದ್ರಿ? ಇಪ್ಪತ್ತು ವರ್ಷದಿಂದ ಅಲ್ಲೇ ಇತ್ತು!"

"ಇಪ್ಪತ್ತು ವರ್ಷದಿಂದ ನನ್ನ ಕಾಲೂ ನೋಯ್ತಿತ್ತು ಸಾರ್, ಅದನ್ನ ಯಾರು ಕೇಳಿದ್ರಿ?" ಎಂದಳು ದೊಡ್ಡಮ್ಮ. ಮಧ್ಯಾಹ್ನದ ಹೊತ್ತಿಗೆ ಎಂದಿಗಿಂತ ನಲವತ್ತು ಹೊದಿಕೆ ಹೆಚ್ಚು ಮಡಿಸಿ ಇಟ್ಟದ್ದು ನೋಡಿ ಮೇಲ್ವಿಚಾರಕರು, ಮೇಜು ಸರಿಸುವ ಯೋಚನೆ ತಮಗೂ ಇತ್ತು ಎಂದರು. ಇರಲಿ, ಪಾಪ. ಈಗ ನಾಲ್ಕನೇ ಸಾಲು ಮುಗಿದದ್ದೇ ದೊಡ್ಡಮ್ಮ ಕೈ ಚಾಚಿದರೆ ಮೇಜು. ಹೆಜ್ಜೆ ಇಲ್ಲ, ನಿಲ್ಲುವುದೂ ಇಲ್ಲ. ಮೊದಲ ದಿನ ಕಾಲು ಒಂದಿಷ್ಟು ತಡವರಿಸಿತು. ಸೋಮವಾರದಿಂದ ಐದನೇ ಸಾಲು ನಾಲ್ಕನೆಯದರ ಬೆನ್ನಿಗೇ ಬರತೊಡಗಿತು. ಬುಧವಾರ ಸಂಜೆ ಹಾಡಕ್ಕ ಕೊನೆಯ ಹೊದಿಕೆಯನ್ನು ಉರುಳೆಗೆ ಕೊಡುತ್ತಾ ಅತ್ತಳು, ಈ ಸಲ ಖುಷಿಗೆ.

ಕೊನೆಯ ಗುರುವಾರ ಮೇಷ್ಟ್ರು ಪೆನ್ಸಿಲನ್ನು ಎತ್ತಿ ಹಿಡಿದುಕೊಂಡೇ ಕೇಳಿದರು. ನಾಲ್ಕನೇ ಸಾಲು ದಾಟಿತು, ಎಂಟನೆಯದು ದಾಟಿತು, ಹದಿಮೂರನೆಯದರಲ್ಲಿ ಆ ಮೆಟ್ಟಿಲು ಇಳಿಯಿತು. ಮೇಷ್ಟ್ರ ತೋಳಿನ ಮೇಲಿನ ಕೂದಲು ನಿಮಿರಿದ್ದು ಹಾಡಕ್ಕನಿಗೆ ಕಾಣಿಸಿತು. ಹಾಡು ಮುಗಿದ ಕೂಡಲೇ ಟಕಟಕ ಬಡಿದು ನಿಲ್ಲಿಸಿದರು. ಆಮೇಲೆ ಚೀಲದಿಂದ ಮೂರು ದನಿಯ ಕಾಗದಗಳನ್ನು ತೆಗೆದು ಎಲ್ಲರೆದುರಿಗೇ ನಾಲ್ಕಾಗಿ ಹರಿದರು.

"ಒಂದೇ ಮಾತು" ಎಂದರು. "ಆ ದಿನ ಬಟ್ಟೆ ತರೋ ಹಾಗಿಲ್ಲ."

"ಕೈ ಮಾತ್ರ ಆಡಿಸ್ತೀವಿ" ಎಂದಳು ದೊಡ್ಡಮ್ಮ.

"ಸೊಂಟಕ್ಕಿಂತ ಮೇಲೆ ಬರಬಾರದು. ಒಂದನೇ ದನಿಯವರು ಮುಂದೆ ನಿಂತು ಮರೆ ಮಾಡ್ತಾರೆ."

ನೂರನೇ ವರ್ಷದ ಭಾನುವಾರ ಚರ್ಚು ತುಂಬಿ ಬಾಗಿಲ ಹೊರಗೂ ಜನ ನಿಂತಿದ್ದರು. ಗಂಡ ಅವತ್ತು ಯಾರ ನಲ್ಲಿಗೂ ಹೋಗಲಿಲ್ಲ. ಮೂರನೇ ಸಾಲಿನ ಬೆಂಚಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಿಗಿಯಾಗಿ ಕೂತಿದ್ದ. ಹಾಡಕ್ಕ ಕ್ವಾಯರಿನ ಎರಡನೇ ಸಾಲಿನ ತುದಿಯಲ್ಲಿ ನಿಂತಳು. ಪಕ್ಕದಲ್ಲಿ ನಾಲ್ವರು, ನಾಲ್ವರ ಕಣ್ಣೂ ತಮ್ಮ ತಮ್ಮ ಕೈಗಳ ಮೇಲೆ.

ಮೇಷ್ಟ್ರು ಕೈ ಎತ್ತಿದರು. ಕೀರ್ತನೆ ಹೊರಟಿತು, ನಾಲ್ಕು ದನಿಯೂ ಒಟ್ಟಿಗೆ. ಅಷ್ಟು ವರ್ಷ ಹಾಡಿದವಳಿಗೇ ಕಾಲ ಕೆಳಗಿನ ಹಲಗೆ ನಡುಗುವುದು ಗೊತ್ತಾಯಿತು. ಒಂದನೇ ದನಿ ಹಾರಿದಷ್ಟೂ ಎರಡನೆಯದು ಕೆಳಗೆ ಗಟ್ಟಿಯಾಗಿ ನಿಂತಿತು. ಗಂಡಸರು ಇನ್ನೂ ಕೆಳಗಿನಿಂದ ಎತ್ತಿ ಹಿಡಿದರು. ಎಲ್ಲೂ ಎಡವಲಿಲ್ಲ, ಎಲ್ಲೂ ತಡವಾಗಲಿಲ್ಲ. ಕೊನೆಯ ಸಾಲಿನ ದೀರ್ಘ ಸ್ವರ ಚಾವಣಿಗೆ ಮುಟ್ಟಿ ನಿಂತಿತು. ಮೇಷ್ಟ್ರು ಅದನ್ನು ಮುಷ್ಟಿಯಲ್ಲಿ ಹಿಡಿದು ಮುಗಿಸಿದರು. ಮುಗಿಸಿ, ಆ ಸಂತೋಷದಲ್ಲಿ ಕಣ್ಣು ಮುಚ್ಚಿ ನಿಂತುಬಿಟ್ಟರು. ಪೆನ್ಸಿಲಿಲ್ಲ, ಟಕಟಕ ಇಲ್ಲ.

ಇಸ್ತ್ರಿ ಕೋಣೆಯಲ್ಲಿ ಹಾಡು ಮುಗಿಯುವುದು ಎಂಬುದೇ ಇಲ್ಲ. ಕೊನೆಯ ಸಾಲಾಯಿತೆಂದರೆ ಮುಂದಿನ ಹೊದಿಕೆ ಬಂತು ಎಂದರ್ಥ. ನಾಲ್ವರ ಕೈಯೂ ಇಲ್ಲದ ಮೇಜಿನ ಮೇಲೆ ಇಲ್ಲದ ಹೊದಿಕೆಯನ್ನು ಇಟ್ಟವು, ಇಲ್ಲದ ಮೂಲೆಗಳನ್ನು ಹಿಡಿದವು. ತುಂಬಿದ ಚರ್ಚು ಉಸಿರು ಬಿಗಿಹಿಡಿದು ಕೂತಿರುವಾಗ, ನಾಲ್ವರೂ ಮೊದಲ ಸಾಲಿನಿಂದ ಮತ್ತೆ ಶುರುಮಾಡಿದರು.

ಅಯ್ಯೋ ದೇವರೇ! ಹಾಡಕ್ಕ ದೊಡ್ಡಮ್ಮನ ಸೆರಗು ಜಗ್ಗಲು ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. ಯಾಕೆಂದರೆ ಅವಳಿಗೆ ಕೇಳಿಸಿತು.

ಮೇಲೆ ರಾಗವಿಲ್ಲ, ಕೆಳಗೆ ಗಂಡಸರಿಲ್ಲ, ಪಿಯಾನೊ ಇಲ್ಲ. ಬರೀ ಎರಡನೇ ದನಿ. ನೂರು ವರ್ಷದ ಆ ಗೋಡೆಗಳ ನಡುವೆ ಒಂಟಿಯಾಗಿ ಎಂದೂ ಕೇಳಿಸದ ದನಿ, ಈಗ ನಾಲ್ಕು ಗಂಟಲಿನಿಂದ ನಿರ್ಭಯವಾಗಿ, ದುಡಿಯುವ ಕೈಯ ಲಯದಲ್ಲಿ, ಕೊನೆಯ ಬೆಂಚಿನವರೆಗೂ ತುಂಬಿ ಹರಿಯುತ್ತಿತ್ತು. ಅವಳು ಹಾಡುತ್ತಿರಲಿಲ್ಲ. ಆದರೂ ಅದು ನಿಂತಿತ್ತು. ತಾನು ಬಾಯಿ ಮುಚ್ಚಿದರೆ ಸತ್ತೇಹೋಗುತ್ತದೆ ಎಂದು ಇಷ್ಟು ದಿನ ಹೆದರಿದ್ದ ದನಿ ತನ್ನ ಹಂಗಿಲ್ಲದೆ ನಿಂತಿತ್ತು. ಇಂಥ ಹೆಮ್ಮೆಯನ್ನು ಅವಳು ಜನ್ಮದಲ್ಲಿ ಪಟ್ಟಿರಲಿಲ್ಲ.

ಮೂರನೇ ಬೆಂಚಿನಲ್ಲಿ ಗಂಡ ಧಡಕ್ಕನೆ ಎದ್ದು ನಿಂತ. "ಇದೇ ಕಣ್ರೀ! ಇದೇ ಹಾಡು!" ಎಂದು ಪಕ್ಕದವನ ಭುಜ ಹಿಡಿದು ಕುಲುಕಿದ.

ಮೇಷ್ಟ್ರು ಕಣ್ಣು ತೆರೆದರು. ಮರ್ಯಾದೆಗೆ ಹೆದರಿ ಉಗುರು ಕಚ್ಚುವ ಆ ಮನುಷ್ಯ ನಿಲ್ಲಿಸಲಿಲ್ಲ. ಉಳಿದವರಿಗೆ ತಡೆಯಿರಿ ಎಂದು ಅಂಗೈ ತೋರಿಸಿದರು. ಹನ್ನೆರಡು ಸಾಲೂ ನಾಲ್ವರೇ ಹಾಡಲು ಬಿಟ್ಟರು. ಹದಿಮೂರನೇ ಸಾಲು ಹತ್ತಿರವಾಗುವಾಗ ಗಂಡಸರ ಕಡೆ ಕೈ ಬೀಸಿದರು, ಒಂದನೇ ದನಿಯ ಕಡೆ ಬೀಸಿದರು, ಕೊನೆಗೆ ನೇರವಾಗಿ ಹಾಡಕ್ಕನನ್ನೇ ನೋಡಿ ಎರಡೂ ಕೈ ಮೇಲೆತ್ತಿದರು.

ಅವಳು ಕಣ್ಣೊರೆಸಿಕೊಂಡು, ಎದೆ ತುಂಬ ಉಸಿರು ತೆಗೆದುಕೊಂಡು, ತನ್ನವರ ಜೊತೆ ಆ ಮೆಟ್ಟಿಲು ಇಳಿದಳು.